ಮಣಿಕಟ್ಟಿನ ಎತ್ತರ

ಐಲಿಗೆ ಮೊದಲು ಸಿಟ್ಟು ಬಂದದ್ದು ಚಿಂದಿ ಉಂಡೆಗಳ ವಿಷಯಕ್ಕೆ. ಚಳಿಗಾಲವಿಡೀ ಕೂತು ಹಳೆಯ ಅಂಗಿ, ಚಾದರ, ಪರದೆಗಳನ್ನೆಲ್ಲ ಬೆರಳಗಲಕ್ಕೆ ಹರಿದು, ತುದಿಗೆ ತುದಿ ಹೊಲಿದು, ಒಂದೊಂದು ಬಣ್ಣಕ್ಕೆ ಒಂದೊಂದು ಉಂಡೆ ಸುತ್ತಿ ಬುಟ್ಟಿ ತುಂಬಿಸಿದ್ದಳು. ಮಗ್ಗಕ್ಕೆ ಹಾಕಿದರೆ ನಾಲ್ಕು ಜಮಖಾನಕ್ಕೆ ಮೋಸವಿರಲಿಲ್ಲ. ಏಪ್ರಿಲ್ ತಿಂಗಳ ಆ ಬೆಳಿಗ್ಗೆ ಕಾಫಿಗೆ ನೀರಿಟ್ಟು ಕಿಟಕಿಯಾಚೆ ನೋಡುತ್ತಾಳೆ, ಅವಳ ನೀಲಿ ಉಂಡೆ ಹಿತ್ತಿಲ ಕೆಸರಿನಲ್ಲಿ ಗೆರೆ ಎಳೆದಂತೆ ಬಿಚ್ಚಿಕೊಳ್ಳುತ್ತ ಉರುಳಿಕೊಂಡು ಹೋಗುತ್ತಿದೆ! ಅದರ ಬೆನ್ನಿಗೆ ಅವಳ ಗಂಡ ರೇನೊ, ಊರುಗೋಲಿನಿಂದ ಅದನ್ನು ತಳ್ಳುತ್ತ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತ ನಡೆಯುತ್ತಿದ್ದಾನೆ.

“ಏಯ್ ರೇನೊ! ಅದು ನನ್ನ ಚಿಂದಿ ಕಣೋ!”

“ಈಗ ಚಿಂದಿ ಅಲ್ಲ, ಗೋಡೆ. ತುಳೀಬೇಡ. ಬಾಗಿಲಿಂದ ಬಾ,” ಎಂದ ಅವನು.

ಹಳೆಯ ಗ್ಯಾರೇಜು ಮಾರ್ಚಿನ ಹಿಮದ ಭಾರಕ್ಕೆ ಕುಸಿದು ಬಿದ್ದಿತ್ತು. ಕಾರು ಅದೃಷ್ಟಕ್ಕೆ ಹೊರಗಿತ್ತು. ಅದೇ ಜಾಗದಲ್ಲಿ, ಮನೆಗೆ ಅಂಟಿಕೊಳ್ಳದೆ ಬೇರೆಯಾಗಿ, ಹೊಸದೊಂದು ಎದ್ದು ನಿಲ್ಲಬೇಕೆಂದು ರೇನೊ ಹಟ ಹಿಡಿದಿದ್ದ. ಅರ್ಧ ಕಾರಿಗೆ, ಅರ್ಧ ಹವ್ಯಾಸಕ್ಕೆ. ಐಲಿಯ ಅಜ್ಜಿ ಫಿನ್‌ಲ್ಯಾಂಡಿನ ರೂಢಿಯಂತೆ ಮಾಡಿಸಿದ್ದ ಮಗ್ಗ ನೆಲಮಾಳಿಗೆಯ ಕತ್ತಲಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ, ಇಷ್ಟು ವರ್ಷವೂ ತಲೆ ಬಗ್ಗಿಸಿಕೊಂಡು ನಿಂತಿತ್ತು. ರೇನೊ ಮರದ ಮೀನು ಕೆತ್ತುವವನು. ಚಳಿಗಾಲದಲ್ಲಿ ಕೆರೆಯ ಮೇಲಿನ ಮಂಜುಗಡ್ಡೆಗೆ ತೂತು ಕೊರೆದು, ಆ ಮೀನನ್ನು ದಾರಕ್ಕೆ ಕಟ್ಟಿ ನೀರಲ್ಲಿ ಆಡಿಸಿದರೆ, ನಿಜವಾದ ಮೀನು ಮೋಸಹೋಗಿ ಹತ್ತಿರ ಬರುತ್ತದೆ, ಈಟಿಗೆ ಸಿಗುತ್ತದೆ. ಅವನ ಮೀನುಗಳನ್ನು ನೋಡಿ ಮನುಷ್ಯರೇ ಮೋಸಹೋದದ್ದುಂಟು.

ಒಳ್ಳೆಯದೇ. ಆದರೆ ಈ ವರ್ಷವೇ ಯಾಕೆ? ಕಬ್ಬಿಣದ ಗಣಿಯ ಕೆಂಪು ಧೂಳು ರೇನೊನ ಪುಪ್ಪುಸಗಳಲ್ಲಿ ಮನೆಮಾಡಿಕೊಂಡಿತ್ತು. ಇನ್ನೊಂದು ಚಳಿಗಾಲ ಕಾಣುವುದು ಕಷ್ಟ ಎಂದು ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೇ ಹೇಳಿದ್ದರು. ಮನೆಗೆ ಬಂದು ಐಲಿ ಏಲಕ್ಕಿ ಹಾಕಿ ಸಿಹಿ ಬ್ರೆಡ್ಡು ಬೇಯಿಸಿದಳು, ಅವನು ಎರಡು ಹೋಳು ತಿಂದ, ಅಷ್ಟೇ. ಫಿನ್‌ಲ್ಯಾಂಡಿನಿಂದ ವಲಸೆ ಬಂದು ಆ ಗಣಿಸೀಮೆಯಲ್ಲಿ ನೆಲೆಸಿದ ಫಿನ್ನರು ಹಾಗೆಯೇ. ಮನೆಗೆ ಬೆಂಕಿ ಬಿದ್ದರೂ “ಸ್ವಲ್ಪ ಸೆಖೆ” ಎನ್ನುವ ಜನ.

ಆದ್ದರಿಂದ ಐಲಿಗೆ ಈ ಗ್ಯಾರೇಜೆಂದರೆ ಒಳಗೊಳಗೇ ಸಂಕಟ. ಇವನು ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿದ್ದಾನೆ ಎಂದುಕೊಂಡಿದ್ದಳು. ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ಇಡೀ ದಿನದಲ್ಲಿ ಅವನ ಕಣ್ಣಿಗೆ ಜೀವ ಬರುತ್ತಿದ್ದುದು ಆ ಲೆಕ್ಕಾಚಾರ ಮಾಡುವಾಗ ಮಾತ್ರ. ಹಾಗಾಗಿ ಸಿಟ್ಟನ್ನೆಲ್ಲ ಚಿಂದಿಯ ಮೇಲೆ ತೀರಿಸಿಕೊಂಡಳು.

“ಕಾಗದದ ಮೇಲೆ ಬರೆದ್ರೆ ಆಗ್ತಿರಲಿಲ್ವಾ?”

“ಕಾಗದದ ಮೇಲೆ ಎಲ್ಲಾ ಹಿಡಿಸುತ್ತೆ, ಐಲಿ. ನಡೆದು ನೋಡಿದ್ರೇನೇ ಗೊತ್ತಾಗೋದು. ಕಾಂಕ್ರೀಟು ಬಿತ್ತು ಅಂದ್ರೆ ಮುಗೀತು, ಆಮೇಲೆ ದೇವರು ಬಂದ್ರೂ ಅಳಿಸೋಕಾಗಲ್ಲ.”

ಕಾಂಕ್ರೀಟು ಬೀಳಲು ಹೇಗೂ ಇನ್ನೂ ಸಮಯವಿತ್ತು. ನೆಲದಾಳದ ಮಂಜು ಕರಗಿ ಮಣ್ಣು ಗಟ್ಟಿಯಾಗುವವರೆಗೆ ಭಾರದ ಲಾರಿಗಳು ಹಳ್ಳಿ ರಸ್ತೆಗೆ ಬರುವಂತಿಲ್ಲ. ಅಲ್ಲಿಯವರೆಗೆ ರೇನೊ ದಿನವೂ ಚಿಂದಿಗೋಡೆಗಳನ್ನು ಆಚೆ ಈಚೆ ಸರಿಸುತ್ತಿದ್ದ. ನೀಲಿ ಹೊರಗೋಡೆ, ಹಳದಿ ಕಾರು, ಕೆಂಪು ಮಗ್ಗ. ಮಗ್ಗ ತೆಂಕಣ ಕಿಟಕಿಯ ಕೆಳಗೆ, ಬಿಸಿಲಿರುವಲ್ಲಿ. ಕಾರಿನಿಂದ ಮನೆಯ ಬಾಗಿಲಿಗೆ ದಾರಿ ಆದಷ್ಟೂ ಗಿಡ್ಡ. ಎಲ್ಲೂ ಮೆಟ್ಟಿಲಿಲ್ಲ. ಕಾರಿನ ಕಡೆಯ ಬಾಗಿಲು ಗುಂಡಿ ಒತ್ತಿದರೆ ಮೇಲೇಳುವಂಥದ್ದು. ನೀರು ಹರಿಯಲು ನೆಲ ಒಂದೇ ಕಡೆಗೆ ಇಳಿಜಾರು. ಅವಳು ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಇಲ್ಲದ ಕಾರಿನಿಂದ ಇಳಿಯಬೇಕು, ಇಲ್ಲದ ಬಾಗಿಲು ದಾಟಬೇಕು, ಅವನು ನೋಡುತ್ತ ನಿಲ್ಲುತ್ತಾನೆ. ರಸ್ತೆಯಲ್ಲಿ ಹೋಗುವವರು ಏನೆಂದುಕೊಂಡರೋ!

“ನಿನ್ನ ಮರದ ಪುಡಿ ಎಲ್ಲಾ ನನ್ನ ಮಗ್ಗದ ಮೇಲೆ ಬೀಳುತ್ತಲ್ಲೋ, ನಡುವೆ ಒಂದು ಗೋಡೆ ಬೇಡ್ವಾ?” ಎಂದು ಕೇಳಿದಳು ಒಂದು ದಿನ.

“ಬೀಳಲ್ಲ,” ಎಂದ.

ಏನೋ ಯೋಚಿಸಿಟ್ಟಿರಬೇಕು ಎಂದುಕೊಂಡಳು. ಮರುದಿನ ಅಡುಗೆಮನೆಗೆ ಟೇಪು ಹಿಡಿದು ಬಂದ. “ನೆಟ್ಟಗೆ ನಿಲ್ಲು. ಕೈ ಇಳಿಬಿಡು.”

“ಏನೋ ಇದು, ಹೆಣದ ಪೆಟ್ಟಿಗೆಗೆ ಅಳತೆ ತಗೋತಿದ್ದೀಯಾ?” ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ರೇನೊ ನಕ್ಕ. ಕಷ್ಟಪಟ್ಟು ಮಂಡಿಯೂರಿ, ನೆಲದಿಂದ ಅವಳ ಮಣಿಕಟ್ಟಿನ ಮೂಳೆಯವರೆಗೆ ಅಳೆದ. ಮಗ್ಗದ ಮಣೆ ಹೊಸದಾಗಿ ಮಾಡುತ್ತಾನೇನೋ ಎಂದುಕೊಂಡಳು. ಅವನನ್ನು ಎಬ್ಬಿಸಲು ಕೈ ಕೊಟ್ಟಾಗ ಅವನು ಎಷ್ಟು ಹಗುರಾಗಿದ್ದಾನೆಂದು ಅವಳಿಗೆ ಗೊತ್ತಾಯಿತು. ದಪ್ಪ ಹಲಗೆಗಳನ್ನು ಒಬ್ಬನೇ ಹೊರುತ್ತಿದ್ದ ಆಳು ಅವನು.

ಮೇ ಮೊದಲ ವಾರ ಲೂಯಿ ಪ್ರೆಬಿಲ್ ಬಂದ. ಸ್ಲೊವೇನಿಯಾ ಮೂಲದವನು, ಗಣಿಯಲ್ಲಿ ರೇನೊನ ಜೊತೆಗಾರ, ನಿವೃತ್ತಿಯ ಮೇಲೆ ಕಾಂಕ್ರೀಟಿನ ಕೆಲಸ ಹಿಡಿದಿದ್ದ. ರಸ್ತೆ ತೆರೆದಿತ್ತು, ಗುರುವಾರ ಲಾರಿ ಬರುವುದಿತ್ತು, ಕೊನೆಯ ಸಲ ನೋಡಿಹೋಗಲು ಬಂದದ್ದು.

“ಅಯ್ಯೋ, ಏನಿದು, ಸರ್ಕಸ್ಸಿನವರು ಬಿಡಾರ ಹೂಡಿದ್ದಾರಾ?” ಎಂದ ಬಣ್ಣದ ಚಿಂದಿಗಳನ್ನು ನೋಡಿ. “ಐಲಿ, ನಿನ್ನ ಗಂಡ ಮಾತಾಡ್ತಾನಾ ಈಗಲಾದ್ರೂ? ಫಿನ್ನರ ಮನೇಲಿ ಗೋಡೆಗಳೇ ಹೆಚ್ಚು ಮಾತಾಡೋದು!”

“ಗೋಡೆ ಹೇಳೋದನ್ನ ಕೇಳಿಸ್ಕೋ ಮತ್ತೆ,” ಎಂದ ರೇನೊ.

ಲೂಯಿ ನೀಲಿ ಗೋಡೆಯಲ್ಲಿ ಬಾಗಿಲಿಗೆ ಬಿಟ್ಟ ಜಾಗದಿಂದಲೇ ಒಳಗೆ ಬಂದ. ಕಾರಿನ ಜಾಗ ನೋಡಿ ತಲೆದೂಗಿದ, ಇಳಿಜಾರು ಸರಿಯಿದೆ ಎಂದ. ಮೂಲೆಯಲ್ಲಿ ಎರಡು ಕಟ್ಟಿಗೆಯ ಆಸರೆಯ ಮೇಲೆ ಒಂದು ಹಲಗೆ ಇಟ್ಟಿತ್ತು, ಕೆಲಸದ ಮೇಜಿನ ಗುರುತಿಗೆ. ಅದರ ಮುಂದೆ ಹೋಗಿ ನಿಂತು ಗಹಗಹಿಸಿ ನಕ್ಕ.

“ಇದೇನಪ್ಪಾ, ಶಿಶುವಿಹಾರದ ಬೆಂಚಾ? ಕೆಲಸದ ಮೇಜು ಅಂದ್ರೆ ಕೈ ಇಳಿಬಿಟ್ರೆ ಮಣಿಕಟ್ಟಿಗೆ ಬರ್ಬೇಕು. ನಮ್ಮಪ್ಪ ನನಗೆ ಹೇಳಿಕೊಟ್ಟ ಬುದ್ಧಿಮಾತು ಅದೊಂದೇ, ಮಿಕ್ಕಿದ್ದೆಲ್ಲಾ ಬೈಗುಳ. ನಿನ್ನ ಎತ್ತರಕ್ಕೆ ಇದ್ರ ಮೇಲೆ ಬಗ್ಗಿ ಕೆತ್ತಿದ್ರೆ ಒಂದೇ ವಾರಕ್ಕೆ ಸೊಂಟ ಬಿದ್ದುಹೋಗುತ್ತೆ, ಮಾರಾಯಾ!”

ರೇನೊ ಊರುಗೋಲಿನ ತುದಿಯಿಂದ ಕೆಸರು ಕೆದಕುತ್ತ ನಿಂತ. ಲೂಯಿಯ ನಗು ಅಲ್ಲೇ ನಿಂತುಹೋಯಿತು.

ಐಲಿ ಕಾಫಿ ಲೋಟಗಳ ತಟ್ಟೆಯನ್ನು ನೆಲಕ್ಕಿಟ್ಟಳು. ಹಲಗೆಯ ಮುಂದೆ ಹೋಗಿ ಕೈ ಇಳಿಬಿಟ್ಟಳು. ಹಲಗೆಯ ಅಂಚು ಸರಿಯಾಗಿ ಅವಳ ಮಣಿಕಟ್ಟಿನ ಮೂಳೆಗೆ ತಾಗಿತು.

ಆಗ ಅವಳಿಗೆ ಎಲ್ಲವೂ ಹೊಸದಾಗಿ ಕಂಡಿತು. ಮೆಟ್ಟಿಲಿಲ್ಲದ ಹೊಸ್ತಿಲು, ಒಂಟಿ ಹೆಂಗಸು ಮಂಜಿನಲ್ಲಿ ಜಾರಿ ಬೀಳದಿರಲಿ ಎಂದು. ಗುಂಡಿ ಒತ್ತಿದರೆ ತಾನೇ ಮೇಲೇಳುವ ಬಾಗಿಲು, ಎತ್ತಲು ಇನ್ನೊಬ್ಬರಿಲ್ಲವೆಂದು. ಮಗ್ಗದ ಮೇಲೆ ಮರದ ಪುಡಿ ಬೀಳುವುದಿಲ್ಲ ಎಂದಿದ್ದನಲ್ಲ, ಯಾಕೆ ಬಿದ್ದೀತು, ಕೆತ್ತುವವನೇ ಅಲ್ಲಿ ಇರುವುದಿಲ್ಲ. ಅವನು ತನಗೆ ಸುಳ್ಳು ಹೇಳಿಕೊಂಡಿರಲಿಲ್ಲ. ಅವಳಿಗಿಂತ ಚೆನ್ನಾಗಿ ಅವನಿಗೇ ನಿಜ ಗೊತ್ತಿತ್ತು.

“ಇದು ಕಾರು,” ಎಂದಳು ಐಲಿ, ಬೆರಳು ತೋರಿಸುತ್ತ. “ಇದು ನನ್ನ ಮಗ್ಗ. ಅಲ್ಲಿ ಹಿಮ ತಳ್ಳೋ ಮೆಷಿನ್ನು. ಇದು ನಾನು ಚಿಂದಿ ಕತ್ತರಿಸೋ ಮೇಜು, ಅಲ್ವಾ? ನಿನ್ನ ಜಾಗ ಎಲ್ಲಿ?”

ರೇನೊ ಊರುಗೋಲಿನಿಂದ ಕೆಂಪು ಚಿಂದಿಯ ಗೆರೆಯನ್ನು ಸರಿಪಡಿಸತೊಡಗಿದ.

“ಕೇಳ್ತಾ ಇದ್ದೀನಿ. ನಿಂದೆಲ್ಲಿ?”

“ನನಗ್ಯಾಕೆ ಜಾಗ, ಐಲಿ?” ಎಂದ ಮೆಲ್ಲಗೆ. “ಡಾಕ್ಟರು ಇಬ್ಬರಿಗೂ ಒಟ್ಟಿಗೇ ಹೇಳಿದ್ದಲ್ವಾ? ನೀನು ಊಟದ ಮೇಜಿನ ಮೇಲೆ ಬಗ್ಗಿ ಬಗ್ಗಿ ಚಿಂದಿ ಕತ್ತರಿಸಿ ರಾತ್ರಿ ಬೆನ್ನು ಹಿಡ್ಕೊಂಡು ಮಲಗ್ತೀಯ. ನಾನು ಹೋದ್ಮೇಲಾದ್ರೂ ಬೆನ್ನು ನೋಯಬಾರದು ಅಂತ...”

“ನೋಯಲಿ! ಬೆನ್ನು ಮುರಿದೇ ಹೋಗ್ಲಿ!” ಅವಳ ದನಿ ಅವಳಿಗೇ ಗುರುತು ಸಿಗದಷ್ಟು ದೊಡ್ಡದಾಯಿತು. “ನೀನು ಸಾಯ್ತೀಯ ಅಂತ ನನಗೆ ಗೊತ್ತು ಕಣೋ. ದಿನಾ ರಾತ್ರಿ ನಿನ್ನ ಉಸಿರು ಕೇಳಿಸ್ಕೊಂಡೇ ಮಲಗ್ತೀನಿ. ಆದ್ರೆ ನೀನು ಈಗ್ಲೇ ಎದ್ದು ಹೊರಟಿದ್ದೀಯಲ್ಲ! ನೀನಿಲ್ಲದ ಮನೆ ಹೇಗೂ ಬಂದೇ ಬರುತ್ತೆ. ಅದನ್ನ ನೀನೇ ಮುಂಚಿತವಾಗಿ ಕಟ್ಟಿಕೊಡಬೇಡ. ನನಗೆ ಬೇಡ ಅಂಥ ಗ್ಯಾರೇಜು. ಇಲ್ಲಿ ನಾನು ಯಾರ ಜೊತೆ ಕೂತ್ಕೊಳ್ಳಲಿ, ಕಾರಿನ ಜೊತೆನಾ?”

ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದ್ದಿಲ್ಲ. ಮಕ್ಕಳಾಗುವುದಿಲ್ಲವೆಂದು ಗೊತ್ತಾದ ದಿನವೂ ಆಡಿರಲಿಲ್ಲ. ಲೂಯಿ ತಾನು ಬಂದ ಗಾಡಿಯ ಕಡೆ ತಿರುಗಿ, ಚಕ್ರದಲ್ಲಿ ಏನೋ ಅಪರೂಪದ್ದು ಕಂಡವನಂತೆ ನೋಡುತ್ತ ನಿಂತ.

“ನನಗೆ ಬೇರೆ ಏನು ಮಾಡಿಕೊಡೋಕೆ ಆಗುತ್ತೆ, ಐಲಿ? ಉಳಿದಿರೋದು ಇಷ್ಟೇ,” ಎಂದ ರೇನೊ. ಅವನ ಕಣ್ಣಲ್ಲಿ ನೀರಿತ್ತು. ಒರೆಸಿಕೊಳ್ಳಲೂ ಇಲ್ಲ.

“ಟೇಪು ಕೊಡು ಇಲ್ಲಿ.” ಅವನ ಕಿಸೆಗೆ ಅವಳೇ ಕೈಹಾಕಿ ಎಳೆದುಕೊಂಡಳು. “ನೆಟ್ಟಗೆ ನಿಲ್ಲು. ಕೈ ಇಳಿಬಿಡು.”

“ಐಲಿ, ಅದು ನಿನಗೆ ಎತ್ತರ ಆಗುತ್ತೆ.”

“ಅದು ನನ್ನ ತಾಪತ್ರಯ. ನಿಲ್ಲು ಅಂದೆ.”

ಅವನು ನಿಂತ. ಊರುಗೋಲು ಬಿಟ್ಟು, ಆದಷ್ಟು ನೆಟ್ಟಗೆ, ಹುಡುಗನ ಹಾಗೆ. ಅವಳು ಕೆಸರಲ್ಲೇ ಮಂಡಿಯೂರಿ, ನೆಲದಿಂದ ಅವನ ಮಣಿಕಟ್ಟಿನವರೆಗೆ ಟೇಪು ಹಿಡಿದಳು. ಮೂಳೆ ಎದ್ದು ಕಾಣುತ್ತಿದ್ದ ಆ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದಳು. ಆಮೇಲೆ ಬುಟ್ಟಿಯಿಂದ ಹಸಿರು ಉಂಡೆ ತಂದು, ಚಳಿಗೆ ಬೆಂಕಿ ಹಾಕುವ ಒಲೆಗೆಂದು ಬಿಟ್ಟಿದ್ದ ಜಾಗಕ್ಕೂ ಮಗ್ಗಕ್ಕೂ ನಡುವೆ ಅವನ ಮೂಲೆಯನ್ನು ತಾನೇ ಗುರುತು ಮಾಡಿದಳು. ಮರದ ಪುಡಿ ತಡೆಯಲು ಒಂದು ಅಡ್ಡಗೋಡೆ, ಅದರಲ್ಲಿ ಮಗ್ಗದಿಂದ ಅವನ ಮುಖ ಕಾಣುವಷ್ಟು ದೊಡ್ಡ ಗಾಜು. ಇಷ್ಟಕ್ಕೆಲ್ಲ ಜಾಗ ಮಾಡಲು ಕಾರನ್ನು ಒಂದಡಿ ಆಚೆ ತಳ್ಳಿದಳು.

“ಕಾರಿನ ಬಾಗಿಲು ಪೂರ್ತಿ ತೆರೆಯಲ್ಲ ಆಗ,” ಎಂದ ರೇನೊ.

“ಹೊಟ್ಟೆ ಒಳಗೆ ಎಳ್ಕೊಂಡು ಇಳೀತೀನಿ. ಲೂಯಿ, ಆ ಚಕ್ರ ನೋಡಿದ್ದು ಸಾಕು, ಬಂದು ಬರ್ಕೋ.”

ಗುರುವಾರ ಕಾಂಕ್ರೀಟು ಬಿತ್ತು. ಜೂನ್ ಕೊನೆಗೆ ಮಾಡು ಏರಿತು. ಮೇಜು ಮಾತ್ರ ತಾನೇ ಮಾಡಬೇಕೆಂದು ರೇನೊ ಒಂದೊಂದು ಕಾಲಿಗೆ ಒಂದೊಂದು ದಿನ ತೆಗೆದುಕೊಂಡ. ಅದರ ಮುಂದೆ ಎತ್ತರದ ಮಣೆ ಹಾಕಿಕೊಂಡು, ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು, ಬೇಸಿಗೆಯಿಡೀ ಮೀನು ಕೆತ್ತಿದ. ಗಾಜಿನ ಈಚೆ ಐಲಿ ಮಗ್ಗ ಬಡಿಯುತ್ತಿದ್ದಳು. ಕೆಸರಾಗಿದ್ದ ಚಿಂದಿಗಳನ್ನು ಒಗೆದು ನೇಯ್ದರೂ ನೀಲಿಗೆ ಗಣಿಸೀಮೆಯ ಮಣ್ಣಿನ ಕೆಂಪು ಅಂಟಿಕೊಂಡೇ ಇತ್ತು. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಅವಳ ಬದುಕಿನಲ್ಲಿ ಅಷ್ಟು ಸುಖದ ಬೇಸಿಗೆ ಇನ್ನೊಂದಿರಲಿಲ್ಲ, ಅಷ್ಟು ದುಃಖದ್ದೂ ಇರಲಿಲ್ಲ.

ಆಗಸ್ಟಿನಲ್ಲಿ ಅವನು ಕಾಲಿಡಲು ಒಂದು ಹಲಗೆಮಣೆ ಮಾಡಿಕೊಂಡ. ತಗ್ಗಿನದು, ಆದರೆ ಮೇಜಿನಷ್ಟೇ ಉದ್ದ.

“ಎರಡು ಕಾಲಿಗೆ ಇಷ್ಟುದ್ದ ಯಾಕೋ? ಊರವರೆಲ್ಲ ಬಂದು ಕಾಲಿಡ್ತಾರಾ?” ಎಂದು ಐಲಿ ರೇಗಿಸಿದಳು.

“ನನ್ನ ಕಾಲು ದೊಡ್ಡದು,” ಎಂದ.

ಕೆರೆ ಅಂಚಿನಲ್ಲಿ ಮಂಜು ಕಟ್ಟಲು ಶುರುವಾದ ವಾರ ರೇನೊ ಹೋದ. ಕೊನೆಯ ಮೀನಿಗೆ ಬಣ್ಣ ಹಚ್ಚುವುದು ಬಾಕಿಯಿತ್ತು. ಐಲಿ ಅದನ್ನು ಹಾಗೆಯೇ ಕಿಟಕಿಯಲ್ಲಿಟ್ಟಳು. ಕ್ರಿಸ್‌ಮಸ್ ಕಳೆದರೂ ಅವಳು ಮೇಜಿನ ಮೂಲೆಗೆ ಕಾಲಿಡಲಿಲ್ಲ. ಚಿಂದಿಯನ್ನು ಮತ್ತೆ ಊಟದ ಮೇಜಿನ ಮೇಲೆಯೇ ಬಗ್ಗಿ ಕತ್ತರಿಸಿದಳು, ಬೆನ್ನು ಹಿಡಿದುಕೊಂಡು ಮಲಗಿದಳು.

ಫೆಬ್ರವರಿಯಲ್ಲಿ ಹಿಮ ತಳ್ಳಿಕೊಡಲು ಬಂದ ಲೂಯಿ ಅವಳು ನಡೆಯುವುದನ್ನು ನೋಡಿ ಮುಖ ಗಂಟಿಕ್ಕಿದ. “ಸಾಕು ಹಟ. ಆ ಮೇಜಿನ ಕಾಲು ನಾಲ್ಕೂ ನಿನ್ನ ಅಳತೆಗೆ ಕತ್ತರಿಸಿಕೊಡ್ತೀನಿ. ಹತ್ತು ನಿಮಿಷದ ಕೆಲಸ.”

“ಅದಕ್ಕೆ ಗರಗಸ ಮುಟ್ಟಿಸಿ ನೋಡು, ನಿನ್ನ ಕಾಲೇ ಕತ್ತರಿಸ್ತೀನಿ.”

“ಆಯ್ತು ತಾಯಿ, ಆಯ್ತು. ಧೂಳಾದ್ರೂ ಹೊಡೀತೀನಿ,” ಎಂದು ಲೂಯಿ ಅಡ್ಡಗೋಡೆಯ ಆಚೆ ಹೋದ. ಅವಳೂ ಹಿಂದೆಯೇ ಹೋದಳು, ಏನನ್ನಾದರೂ ಕದಲಿಸಿಬಿಟ್ಟಾನೆಂದು. ಅವನು ರೇನೊ ಕೂರುತ್ತಿದ್ದ ಎತ್ತರದ ಮಣೆಯನ್ನು ಬದಿಗೆ ಸರಿಸಿ, ಕಾಲುಹಲಗೆಯನ್ನು ಹೊರಗೆಳೆದ. ಅದು ಗಟ್ಟಿಯಾಗಿ ಕೂತಿತು, ಒಂದಿಷ್ಟೂ ಅಲುಗಲಿಲ್ಲ. ಮೇಲೆ ಜಾರದಂತೆ ಅವಳದೇ ಹಳೆಯ ಜಮಖಾನದ ತುಂಡು ಹೊಡೆದಿತ್ತು. ಕಾಲಿಡುವ ಹಲಗೆಗೆ ಜಮಖಾನ ಯಾಕೆ?

ಲೂಯಿ ಹಲಗೆಯನ್ನು ನೋಡಿದ, ಮೇಜನ್ನು ನೋಡಿದ, ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಐಲಿ, ಇದ್ರ ಮೇಲೆ ಹತ್ತು,” ಎಂದ.

ಅವಳು ಹತ್ತಿದಳು. ಕೈ ಇಳಿಬಿಟ್ಟಳು. ರೇನೊನ ಅಳತೆಯ ಮೇಜಿನ ಅಂಚು ಅವಳ ಮಣಿಕಟ್ಟಿನ ಮೂಳೆಗೆ ತಾಗಿತು, ಅಂದು ಹಿತ್ತಿಲಲ್ಲಿ ತಾಗಿದ ಹಾಗೆಯೇ.

“ವೊಯ್ ವೊಯ್, ಮುದುಕಾ,” ಎಂದಳು ಐಲಿ, “ಕೊನೆಗೂ ನಿನ್ನ ಹಟವೇ ನಡೀತಲ್ಲೋ.” ಎರಡೂ ಅಂಗೈಯನ್ನು ಮೇಜಿನ ಮೇಲೆ ಊರಿ, ಅವನು ಹೋದ ದಿನವೂ ಅಳದಷ್ಟು ಅತ್ತಳು. ಲೂಯಿ ಹೊರಗೆ ಹೋಗಿ ಹಿಮ ತಳ್ಳುವ ಯಂತ್ರ ಚಾಲೂ ಮಾಡಿದ. ಅದರ ಸದ್ದು ದೂರಕ್ಕೆ ಸರಿದ ಮೇಲೆ ಅವಳು ಮೂಗೊರೆಸಿಕೊಂಡು, ಮನೆಯಿಂದ ಕತ್ತರಿಯನ್ನೂ ರೇನೊನ ಗಣಿಯ ಅಂಗಿಗಳನ್ನೂ ತಂದು, ಮತ್ತೆ ಹಲಗೆ ಹತ್ತಿ ನಿಂತು, ಮೊದಲ ಅಂಗಿಯನ್ನು ಬೆರಳಗಲಕ್ಕೆ ಕತ್ತರಿಸತೊಡಗಿದಳು.