ಎರಡನೇ ಬಾಗಿಲಿನ ತೆರಿಗೆ

ನಮ್ಮ ಬೀದಿಯಲ್ಲಿ ಹನ್ನೆರಡು ಅಂಗಡಿಗಳಿವೆ. ಒಂದು ಕಾಲದಲ್ಲಿ ಪ್ರತಿ ಅಂಗಡಿಗೂ ಎರಡೆರಡು ಬಾಗಿಲು. ಮೂರು ವರ್ಷದ ಹಿಂದೆ ಪುರಸಭೆಯವರು ರಸ್ತೆ ಕಡೆಯ ಎರಡನೇ ಬಾಗಿಲಿಗೆ ತೆರಿಗೆ ಹಾಕಿದರು. ಬೀಗ ಹಾಕಿದರೂ ಬಾಗಿಲು ಬಾಗಿಲೇ, ತೆರಿಗೆ ಕಟ್ಟಿ ಅಂದರು. ಸರಿ, ಒಬ್ಬರನ್ನು ನೋಡಿ ಒಬ್ಬರು ಇಟ್ಟಿಗೆ ಹಾಕಿ ಮುಚ್ಚಿಸಿದೆವು. ಬೀಗ ರಿಪೇರಿಯವನಾದ ನಾನೂ ಮುಚ್ಚಿಸಿದೆ. ನಮ್ಮಂಥ ಬುದ್ಧಿವಂತರು ಇಲ್ಲ ಅಂತ ಬೀಗಿದ್ದೂ ಆಯಿತು.

ಕೊನೆಗೆ ಉಳಿದಿದ್ದು ಸೋಫಾ ಹೊಲಿಯುವವನ ಎರಡನೇ ಬಾಗಿಲು ಒಂದೇ. ಹೋದ ತಿಂಗಳು ಒಂದು ಬೆಳಿಗ್ಗೆ ಅವನ ಅಂಗಡಿ ಮುಂದೆಯೂ ಗಾರೆಯವನು ಇಟ್ಟಿಗೆ ಇಳಿಸುತ್ತಿದ್ದ. ಅದನ್ನು ನೋಡಿ ರಸೀದಿ ಅಕ್ಕ ನಿಂತರು. ಪುರಸಭೆಯಲ್ಲಿ ಮೂವತ್ತು ವರ್ಷ ರಸೀದಿ ಬರೆದು ನಿವೃತ್ತರಾದವರು ಅವರು.

"ಇದೇನೋ ಇದು? ನಿಮ್ಮಣ್ಣ ಹೋಗಿ ಇನ್ನೂ ಮೂರು ತಿಂಗಳಾಗಿಲ್ಲ."

"ನಾನೇನು ಮಾಡ್ಲಿ ಅಕ್ಕ? ಈ ಸಲ ತೆರಿಗೆ ಡಬಲ್ ಮಾಡ್ತಾರಂತೆ. ಇದ್ದ ಒಬ್ಬ ಕೆಲಸದವನನ್ನೂ ಬಿಡಿಸಿದೀನಿ. ಬಾಗಿಲು ಮುಚ್ಚದಿದ್ರೆ ಅಂಗಡೀನೇ ಮುಚ್ಚಬೇಕು."

"ಒಳಗೆ ಏನೇನಿದೆ?"

"ಸ್ಪಂಜು, ಬಟ್ಟೆ, ಗಮ್ಮಿನ ಡಬ್ಬ..." ಅನ್ನುತ್ತಾ ಅವನು ಪಕ್ಕದ ಸುಟ್ಟ ಅಂಗಡಿಯ ಕಡೆ ನೋಡಿದ.

ಅವನ ಅಣ್ಣನದು ಪಕ್ಕದಲ್ಲೇ ಪೀಠೋಪಕರಣಕ್ಕೆ ಪಾಲಿಶ್ ಹಾಕುವ ಅಂಗಡಿ. ಮುಂದಿನ ಬಾಗಿಲ ಹತ್ತಿರ ಇಟ್ಟಿದ್ದ, ಪಾಲಿಶ್‌ಗೆ ಬೆರೆಸುವ ಥಿನ್ನರ್ ಡಬ್ಬಕ್ಕೆ ಬೆಂಕಿ ಹತ್ತಿತು. ಅಣ್ಣ ಒಳಗಿದ್ದ. ಎರಡನೇ ಬಾಗಿಲಿದ್ದ ಜಾಗದಲ್ಲಿ ಗೋಡೆ ಇತ್ತು. ಮುಚ್ಚಿಸುವಾಗ ಆ ಬಾಗಿಲಿನ ಬೀಗ ಬಿಚ್ಚಿಕೊಟ್ಟವನು ನಾನೇ.

"ನಾಡಿದ್ದು ಬಜೆಟ್ ಸಭೆ ಇದೆ. ಹೋಗಿ ಕೇಳು," ಅಂದರು ರಸೀದಿ ಅಕ್ಕ.

"ನಾವು ಕೇಳಿದ್ರೆ ಬಿಟ್ಟುಬಿಡ್ತಾರಾ? ಅವರಿಗೂ ದುಡ್ಡು ಬೇಡ್ವಾ? ತೆರಿಗೆ ಇಲ್ದೆ ಫೈರ್ ಎಂಜಿನ್ ಎಲ್ಲಿಂದ ಬರುತ್ತೆ?"

ಒಳಗೆ ಬಟ್ಟೆ ಕತ್ತರಿಸುತ್ತಿದ್ದ ಅವನ ಅತ್ತಿಗೆ ತಲೆ ಎತ್ತಿದಳು. ಗಂಡ ಹೋದ ಮೇಲೆ ಅವಳಿಗೆ ಇಲ್ಲೇ ಕೆಲಸ. "ಬಂತಲ್ಲ ಪಕ್ಕದೂರಿನ ಫೈರ್ ಎಂಜಿನ್. ಎಲ್ಲಾ ಬೂದಿಯಾದ ಮೇಲೆ."

ರಸೀದಿ ಅಕ್ಕ ಚೀಲದಿಂದ ಬಜೆಟ್ ಪ್ರತಿ ತೆಗೆದರು. "ಟೈರ್ ಹಾಕಿಸೋಕೆ ಹಣ ಇಲ್ಲ ಅಂತ ನಮ್ಮೂರಿನ ಫೈರ್ ಎಂಜಿನ್ ನಿಲ್ಲಿಸಿದ್ರು ಕಣಪ್ಪ. ಇಲ್ಲಿದೆ ನೋಡು. ಬಾಗಿಲು ತೆರಿಗೆ ಪೂರ್ತಿ ಗಡಿಯಾರದ ಗೋಪುರಕ್ಕೆ ಹೋಗಿದೆ."

"ಆ ಗಡಿಯಾರ ಕೆಟ್ಟು ಆರು ತಿಂಗಳಾಯ್ತಲ್ಲ!" ಅಂದ ಗಾರೆಯವನು.

"ತೆರಿಗೇನೇ ಬೇಡ ಅಂತ ನಾನು ಹೇಳ್ತಿಲ್ಲ. ಚರಂಡಿ, ಬೀದಿ ದೀಪ, ಬೆಂಕಿ ಆರಿಸೋದು, ಇವನ್ನೆಲ್ಲ ಒಬ್ಬೊಬ್ಬರೇ ಮಾಡ್ಕೊಳ್ಳೋಕಾಗಲ್ಲ, ಅದಕ್ಕೆ ಕೊಡೋಣ. ಮಿಕ್ಕಿದ್ದು ದುಡಿದವರ ಕೈಯಲ್ಲೇ ಇರ್ಲಿ. ನೀನು ಬಿಡಿಸಿದೆಯಲ್ಲ, ಆ ಕೆಲಸದವನ ಸಂಬಳ ಗೋಪುರದ ಮೇಲೆ ಕೂತಿದೆ. ಬಾಗಿಲಿಗೆ ತೆರಿಗೆ ಹಾಕಿದ್ರು, ಜನ ಬಾಗಿಲು ಮುಚ್ಚಿದ್ರು, ವಸೂಲಿ ಇಳೀತು. ಈಗ ಉಳಿದವರಿಗೆ ಡಬಲ್. ಅವರಿಗೆ ದುಡ್ಡೂ ಬರಲಿಲ್ಲ, ನಮಗೆ ಗಾಳೀನೂ ಬರಲಿಲ್ಲ."

"ಹೇಳೋಕೆ ಚೆನ್ನಾಗಿದೆ ಅಕ್ಕ. ನಮ್ಮ ಮಾತು ಅಲ್ಲಿ ಯಾರು ಕೇಳ್ತಾರೆ? ನೀನು ಕೆಲಸ ಶುರು ಮಾಡಪ್ಪ," ಅಂತ ಅವನು ಗಾರೆಯವನ ಕಡೆ ತಿರುಗಿದ.

ಅತ್ತಿಗೆ ಕತ್ತರಿ ಕೆಳಗಿಟ್ಟು ಬಂದು ಬಾಗಿಲಿಗೆ ಅಡ್ಡ ನಿಂತಳು.

"ನಿಮ್ಮಣ್ಣ ಎಲ್ಲಿ ಸಿಕ್ಕಿದ್ರು ಅಂತ ನಿನಗೆ ಯಾರೂ ಹೇಳಲಿಲ್ಲ ಅಲ್ವಾ? ಆ ಗೋಡೆ ಹತ್ತಿರ. ಇಪ್ಪತ್ತು ವರ್ಷ ಅಲ್ಲಿ ಬಾಗಿಲಿತ್ತು. ಹೊಗೇಲಿ ಕಣ್ಣು ಕಾಣದೆ ಕಾಲು ಅಭ್ಯಾಸದ ಮೇಲೆ ಅಲ್ಲಿಗೇ ಹೋಗಿದೆ. ಉಗುರಲ್ಲೆಲ್ಲ ಸಿಮೆಂಟಿತ್ತು."

ಮೈದುನ ಇಟ್ಟಿಗೆ ರಾಶಿಯ ಪಕ್ಕದಲ್ಲೇ ಕುಕ್ಕರಿಸಿ ಅತ್ತ. ಆಮೇಲೆ ಮುಖ ಒರೆಸಿಕೊಂಡು, "ಇಟ್ಟಿಗೆ ವಾಪಸ್ ತಗೊಂಡು ಹೋಗಪ್ಪ. ಅತ್ತಿಗೆ, ನಾಡಿದ್ದು ಸಭೆಗೆ ಇಬ್ಬರೂ ಹೋಗೋಣ," ಅಂದ.

ಅವರಿಬ್ಬರ ಹಿಂದೆ ಇಡೀ ಬೀದಿಯೇ ಹೋಯಿತು. ಅತ್ತಿಗೆ ಎದ್ದು ನಿಂತು ಕೇಳಿದ್ದು ಒಂದೇ ಮಾತು: "ಈ ತೆರಿಗೆ ಬಂದ ಮೇಲೆ ಊರಲ್ಲಿ ಎಷ್ಟು ಬಾಗಿಲು ಮುಚ್ಚಿವೆ ಅಂತ ಬರೆದಿಟ್ಟಿದ್ದೀರಾ ಸ್ವಾಮಿ?" ಕಡತ ತಿರುವಿದರು, ಲೆಕ್ಕ ಸಿಗಲಿಲ್ಲ. ತೆರಿಗೆ ಏರಿಸುವ ಮಾತು ಅವತ್ತಿಗೆ ನಿಂತಿತು. ಫೈರ್ ಎಂಜಿನ್ನಿಗೆ ಟೈರ್ ಬಂತು. ಬಾಗಿಲು ತೆರಿಗೆ ಇನ್ನೂ ಇದೆ, ಮುಂದಿನ ಸಭೆಗೂ ಹೋಗುತ್ತೇವೆ. ಪಾಲಿಶ್ ಅಂಗಡಿಯವನು ಮಾತ್ರ ಇನ್ನು ಬರುವುದಿಲ್ಲ.

ಓದುತ್ತಿರುವವರೇ, ನಿಮ್ಮ ಊರಲ್ಲೂ ಬಜೆಟ್ ಸಭೆ ನಡೆಯುತ್ತದೆ. ಒಂದು ದಿನ ಕೆಲಸ ಬಿಟ್ಟಾದರೂ ಹೋಗಿ. ಈ ತೆರಿಗೆ ಯಾತಕ್ಕೆ, ಎಲ್ಲಿಗೆ ಹೋಯಿತು, ಇದರಿಂದ ಯಾರ ದುಡಿಮೆ ನಿಂತಿತು ಎಂದು ಕೇಳಿ. ನಾವು ಕೇಳಲು ಮೂರು ವರ್ಷ ತಡ ಮಾಡಿದೆವು. ತೆರಿಗೆಗೆ ಹೆದರಿ ನೀವೂ ಬಾಗಿಲು ಮುಚ್ಚಿಸಿದ್ದರೆ, ಸಭೆಯವರೆಗೂ ಕಾಯಬೇಡಿ, ಇವತ್ತೇ ಒಡೆಸಿ. ನಾನು ನನ್ನದನ್ನು ಒಡೆಸಿದೆ.