ಕೈಗೆ ಕೊಡದ ಬಕೆಟ್

ವಿಧವೆ ಡಾರ್ಕಸ್‌ಳ ಮನೆ ಹೊತ್ತಿ ಉರಿಯುತ್ತಿತ್ತು. ಹೊಳೆಯಿಂದ ಊರವರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ತೊಗಲಿನ ಬಕೆಟ್ಟುಗಳಲ್ಲಿ ನೀರು ದಾಟಿಸುತ್ತಿದ್ದರು. ನಡುವೆ ಸೈಲಸ್, ಏನಾಕ್ ಅಕ್ಕಪಕ್ಕ ನಿಲ್ಲಬೇಕಾಯಿತು. ಸೈಲಸನ ಟೋಪಿಯಲ್ಲಿ ಇಂಗ್ಲೆಂಡಿನ ಜೊತೆ ಸ್ನೇಹ ಬೇಕೆನ್ನುವ ಅಧ್ಯಕ್ಷರ ಪಕ್ಷದ ಕಪ್ಪು ರಿಬ್ಬನ್, ಏನಾಕನದರಲ್ಲಿ ಎದುರು ಪಕ್ಷದ ಮೂರು ಬಣ್ಣದ್ದು. ಸೈಲಸ್ ಪ್ರತಿ ಬಕೆಟ್ಟನ್ನೂ ನೆಲಕ್ಕೆ ಕುಕ್ಕುತ್ತಿದ್ದ. ಅವನು ಕೈ ತೆಗೆದ ಮೇಲೆಯೇ ಏನಾಕ್ ಎತ್ತಿಕೊಳ್ಳುತ್ತಿದ್ದ. ಅಷ್ಟರಲ್ಲಿ ಅರ್ಧ ನೀರು ಮಣ್ಣುಪಾಲು.

“ಕೈಗೆ ಕೊಡ್ರೋ, ನಿಮ್ಮ ದಮ್ಮಯ್ಯ!” ಎಂದು ಡಾರ್ಕಸ್ ಚೀರಿದಳು.

“ಇಂಗ್ಲೆಂಡ್ ರಾಜನ ಬೂಟು ನೆಕ್ಕೋನ ಕೈಯಿಂದ ನಾನು ಇಸ್ಕೊಳಲ್ಲ,” ಎಂದ ಏನಾಕ್.

ಅದೇ ರಾಜನ ಆಳ್ವಿಕೆಯನ್ನು ದೇಶದಿಂದ ಓಡಿಸಿದ ಸ್ವಾತಂತ್ರ್ಯ ಯುದ್ಧದಲ್ಲಿ ಡಾರ್ಕಸ್‌ಳ ಗಂಡನ ಹೆಣವನ್ನು ಹೊತ್ತು ತಂದವರು ಇವರಿಬ್ಬರೇ.

ಮನೆ ಬೂದಿಯಾಯಿತು. ಆ ವಾರವೇ ಊರಿನ ಬೆಂಕಿ ಆರಿಸುವ ತಂಡ ಪಕ್ಷಕ್ಕೊಂದರಂತೆ ಎರಡಾಯಿತು. ಸೈಲಸ್, ಏನಾಕ್ ಇಬ್ಬರೂ ಬೇರೆ ಬೇರೆಯಾಗಿ ಬಂದು ಅವಳಿಗೆ ಹೇಳಿದ್ದು ಒಂದೇ ಮಾತು: “ಮುಂದಿನ ಸಲ ಬೆಂಕಿ ಬಿದ್ರೆ ನಮ್ಮನ್ನೇ ಕರೀಬೇಕು, ಅತ್ತಿಗೆ!”