ದಾರಿಯ ನಡುವಿನ ಗೂಟ

ಮಿಂಚೊ ಹೊಳೆಯ ದಂಡೆಯ ಡಾಂಬರು ದಾರಿಯಲ್ಲಿ ಸೈಕಲ್ ತುಳಿದವರ ಪೈಕಿ ಆಲ್ಚೀದೆಯಷ್ಟು ಚೂಪುಗಣ್ಣಿನವನು ಹಿಂದೆ ಹುಟ್ಟಿರಲಿಲ್ಲ, ಇನ್ನು ಹುಟ್ಟುವುದೂ ಇಲ್ಲ. ಇಲ್ಲಿ ನಮ್ಮೂರು ಮಂತೋವಾದ ಕೆರೆಯಂಚಿನಲ್ಲಿ ನಿಂತು, ಅಲ್ಲಿ ಗಾರ್ಡಾ ಸರೋವರದ ಆಚೆ ಬೆಟ್ಟದಲ್ಲಿ ಮೇಯುವ ಆಡಿನ ಗಡ್ಡ ನರೆತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ನಮ್ಮ ಭಾನುವಾರದ ಸೈಕಲ್ ತಂಡದ ಮುದುಕರೆಲ್ಲ ಈ ಮಾತಿಗೆ ತಾಯಾಣೆ ಇಡುತ್ತಾರೆ. ಆಣೆ ಇಡದವನು ಒಬ್ಬನೇ, ನೆರೀನೊ.

ನೆರೀನೊನ ಜಾಗ ಯಾವತ್ತೂ ಎರಡನೆಯದು. ಆಲ್ಚೀದೆಯ ಹಿಂಚಕ್ರಕ್ಕೂ ಇವನ ಮುಂಚಕ್ರಕ್ಕೂ ನಡುವೆ ಸೊಳ್ಳೆ ತೂರಬೇಕಾದರೂ ಹೊಟ್ಟೆ ಎಳೆದುಕೊಳ್ಳಬೇಕಿತ್ತು. ದಂಡೆಯ ದಾರಿ ಕಾರು ರಸ್ತೆಯನ್ನು ದಾಟುವ ಕಡೆಯಲ್ಲೆಲ್ಲ, ಕಾರುಗಳು ಒಳನುಗ್ಗದಿರಲಿ ಎಂದು ನಟ್ಟನಡುವೆ ಮರದ ಗೂಟ ನೆಟ್ಟಿದ್ದಾರೆ. ಮುಂದಿನವನು ಕೈ ಎತ್ತಿ "ಗೂಟ!" ಎಂದು ಕೂಗಬೇಕು, ಎರಡನೆಯವನು ಮೂರನೆಯವನಿಗೆ, ಅವನು ಅವನ ಹಿಂದಿನವನಿಗೆ, ಹೀಗೆ ಕೂಗು ಬಾಲದವರೆಗೆ ಹೋಗಬೇಕು. ಹಿಂದಿನವರು ಯಾರೂ ದಾರಿ ನೋಡುವುದಿಲ್ಲ. ಅವರಿಗೆ ಕಾಣುವುದು ಮುಂದಿನವನ ಬೆನ್ನು ಮಾತ್ರ. ಕತ್ತನ್ನು ಆ ಕೂಗಿಗೆ ಒಪ್ಪಿಸಿ ತುಳಿಯುತ್ತಾರೆ.

ಎರಡು ವಸಂತದ ಹಿಂದೆ ಆಲ್ಚೀದೆ ಗೆಳೆಯನನ್ನು ಪಾಪ್ಲರ್ ಮರಗಳ ಸಾಲಿನ ಮರೆಗೆ ಎಳೆದಿದ್ದ.

"ಅಂಚೆಲ್ಲ ಚೆನ್ನಾಗಿ ಕಾಣ್ಸತ್ತೆ ಕಣೋ. ಹೊಳೆ, ಜೊಂಡು, ಕೊಕ್ಕರೆ, ಎಲ್ಲಾ. ನಟ್ಟನಡುವೆ ಮಾತ್ರ ಯಾರೋ ಮಸಿ ಬಳ್ದಂಗಿದೆ. ನಿನ್ನ ಮುಖ ನೋಡಿದ್ರೆ ಎರಡು ಕಿವಿ ಅಷ್ಟೇ ಕಾಣ್ತವೆ."

"ಪುಣ್ಯವಂತ ನೀನು. ನನ್ನ ಮುಖದಲ್ಲಿ ನೋಡೋ ಹಾಗಿರೋದು ಅವೆರಡೇ," ಎಂದ ನೆರೀನೊ. ಆಲ್ಚೀದೆ ನಗದಿದ್ದಾಗ ತಾನೇ ಕೇಳಿದ, "ಡಾಕ್ಟರು ಏನಂದ್ರು?"

"ಇನ್ನೂ ಹೆಚ್ಚಾಗತ್ತೆ ಅಂದ್ರು."

"ಮುಂದಿನ ಜಾಗ ಬಿಟ್ಬಿಡು, ಮಾರಾಯ."

"ಬಿಟ್ರೆ ಅವತ್ತೇ ಪೆಟ್ಟಿಗೇಲಿ ಮಲಗ್ಸಿ ಮೊಳೆ ಹೊಡೀರಿ ನಂಗೆ. ನೀನು ಹಿಂದಿನಿಂದ ಪಿಸುಗುಟ್ಟು ಸಾಕು. ಕೂಗೋದು ನಾನು."

ಅಂದಿನಿಂದ ನೆರೀನೊ ಪಿಸುಗುಟ್ಟಿದ, ಆಲ್ಚೀದೆ ಸಿಂಹದಂತೆ ಗರ್ಜಿಸಿದ. ಅವನ ಕಣ್ಣಿನ ಖ್ಯಾತಿ ಮೊದಲಿಗಿಂತ ಹತ್ತು ಪಟ್ಟು ಬೆಳೆಯಿತು. ಗೂಟ ಇನ್ನೂ ಕಾಡಿನಲ್ಲಿ ಮರವಾಗಿರುವಾಗಲೇ ಅವನಿಗೆ ಕಾಣುತ್ತದೆ ಎಂದರು ಜನ.

ಆದರೆ ಹೋದ ವಾರ ಒಂದು ನೊಣ ನೆರೀನೊನ ಗಂಟಲಿಗೆ ಹೊಕ್ಕಿತು. ಪಿಸುಮಾತು ತಡವಾಯಿತು, ಹಿಂದೆ ಒಬ್ಬ ಗೂಟಕ್ಕೆ ತಗಲಿ ಮೊಣಕೈ ತರಚಿಕೊಂಡ. ಅವತ್ತಿನಿಂದ ನೆರೀನೊಗೆ ನಿದ್ದೆಯಿಲ್ಲ. ಈ ಭಾನುವಾರ ಸರೋವರದ ದಂಡೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಅವನು ಆಲ್ಚೀದೆಯ ತೋಳು ಹಿಡಿದ.

"ವಾಪಸ್ ಹೋಗುವಾಗ ದೊಸೊಲೀನಾ ಹೋಟ್ಲಲ್ಲಿ ಎಲ್ಲರ ಮುಂದೆ ಹೇಳ್ಬಿಡು. ನೀನು ಹೇಳದಿದ್ರೆ ನಾನು ಹೇಳ್ತೀನಿ. ನಮ್ಮ ಹಿಂದೆ ಜನ ಇದಾರೆ, ಕುರಿ ಅಲ್ಲ."

ಆಲ್ಚೀದೆ ನೀರಿನ ಕಡೆ ತಿರುಗಿದ. "ಆಯ್ತು," ಎಂದ.

ದೊಸೊಲೀನಾ ಹೊಳೆಯ ಪಕ್ಕ ಹೋಟೆಲು ನಡೆಸುವವಳು. ಅವಳ ಮಾಂಸದ ಸಾರಿನ ಹಬೆಗೆ ಸತ್ತ ಮೀನು ಎದ್ದು ಈಜುತ್ತದೆ. ಸೈಕಲ್ ಇಳಿದವರೆಲ್ಲ ನಮ್ಮ ಕಡೆಯ ಪದ್ಧತಿಯಂತೆ ಬಿಸಿ ಸಾರಿನ ಬಟ್ಟಲಿಗೆ ಕೆಂಪು ವೈನ್ ಸುರಿದು, ನಿಂತೇ ಹೀರತೊಡಗಿದರು. ಆಲ್ಚೀದೆ ಬಟ್ಟಲು ಎತ್ತಿದ.

"ಕೇಳ್ರಪ್ಪಾ, ಒಂದು ದುಃಖದ ವಿಷಯ ಹೇಳ್ಬೇಕು. ಕಣ್ಣಿನ ವಿಷಯ."

ಇಪ್ಪತ್ತು ಮುಖಗಳು ಅವನತ್ತ ತಿರುಗಿದವು. ಅವನಿಗೆ ಕಂಡಿದ್ದು ನಲವತ್ತು ಕಿವಿಗಳು ಮಾತ್ರ ಇರಬೇಕು. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ನಮ್ಮ ನೆರೀನೊಗೆ ಕಣ್ಣು ಹೋಗ್ತಾ ಇದೆ. ಪಾಪ, ಹೇಳ್ಕೊಳ್ಳೋಕೆ ನಾಚಿಕೆ ಅವನಿಗೆ. ಹೋದ ವಾರ ನಡೆದದ್ದೂ ಅದಕ್ಕೇ. ಎಷ್ಟು ದಿನದಿಂದ ನಾನೇ ಅವನಿಗೂ ಸೇರಿಸಿ ಕೂಗ್ತಾ ಇದೀನಿ."

ನೆರೀನೊನ ಬಟ್ಟಲಿನ ಸಾರು ಕೈಯಲ್ಲೇ ತಣ್ಣಗಾಯಿತು. ದೊಸೊಲೀನಾ ಓಡಿಬಂದು ಅವನ ಮೂಗಿನೆದುರು ಕೈ ಹಿಡಿದಳು.

"ಎಷ್ಟು ಬೆರಳು ಹೇಳಪ್ಪಾ ನೆರೀನೊ?"

"ಮೂರು! ಉಗುರಲ್ಲಿರೋ ಹಿಟ್ಟು ಕೂಡ ಕಾಣ್ತಾ ಇದೆ!"

"ಊಹೆ ಮಾಡ್ದ ನೋಡ್ರೋ!" ಎಂದ ಒಬ್ಬ. ನಗುವಿನ ಹೊಡೆತಕ್ಕೆ ಹೊಳೆ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. "ಕ್ಯಾರೆಟ್ ತಿನ್ನು," ಎಂದು ಇನ್ನೊಬ್ಬ ಅವನ ಬೆನ್ನು ತಟ್ಟಿದ. ಈಗ ನಿಜ ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ, ಅಷ್ಟೇ.

ಹೊರಗೆ ಸೈಕಲ್ ಹತ್ತುವಾಗ ಆಲ್ಚೀದೆ ಗೊಣಗಿದ. "ಬಾಯಿಗೆ ಬಂದ್ಬಿಡ್ತು ಕಣೋ. ಮುಂದಿನ ವಾರ ಸರಿ ಮಾಡ್ತೀನಿ. ನೀನಿಲ್ದೆ ನಾನಿಲ್ಲ, ಗೊತ್ತಲ್ಲ."

ನೆರೀನೊ ಮುಖ ತಿರುಗಿಸಿ ಸೈಕಲ್ ಹತ್ತಿದ. ಆದರೂ ಮೊದಲ ಗೂಟ ಬಂದಾಗ ನಾಲಿಗೆ ತಾನಾಗಿಯೇ ಪಿಸುಗುಟ್ಟಿತು. ಆಲ್ಚೀದೆ ಗರ್ಜಿಸಿದ; ಗರ್ಜಿಸಿದ್ದು ಸಾಲದೆಂದು ಹಿಂದಕ್ಕೆ ತಿರುಗಿ, "ನೆರೀನೊ, ಗೂಟ ಇದೆ, ಜೋಪಾನ ಮರೀ!" ಎಂದು ಸೇರಿಸಿದ. ಸಾಲಿನುದ್ದಕ್ಕೂ ನಗು ಹರಿಯಿತು. ಎರಡನೆಯ ಗೂಟದ ಹತ್ತಿರವೂ ಹಾಗೇ ಆಯಿತು.

ಆಮೇಲೆ ಮಂತೋವಾದ ಕೆರೆ ಕಾಣಿಸಿತು. ಆ ತಿಂಗಳಲ್ಲಿ ಅಲ್ಲಿ ತಾವರೆ ಎಷ್ಟು ಒತ್ತಾಗಿ ಅರಳುತ್ತದೆಂದರೆ ಮೀನುಗಳು ಉಸಿರಾಡಲು ಸರದಿ ನಿಲ್ಲುತ್ತವೆ. ಕೆರೆಗೆ ಮೊದಲು ಇಳಿಜಾರು, ಇಳಿಜಾರಿನ ಬುಡದಲ್ಲಿ ಬಣ್ಣ ಉದುರಿದ ಬೂದು ಗೂಟ. ನೆರೀನೊ ಅದನ್ನು ಬಹಳ ದೂರದಿಂದಲೇ ಕಂಡ. ಮಾತು ಗಂಟಲಿಗೆ ಬಂತು. ನುಂಗಿದ.

ಹ್ಯಾಂಡಲ್ ಗೂಟಕ್ಕೆ ಉಜ್ಜಬೇಕು, ಆಲ್ಚೀದೆ ಹುಲ್ಲಿಗೆ ಉರುಳಬೇಕು, ಯಾರ ಕಣ್ಣು ಹೋಗಿದೆ ಎಂದು ಊರಿಗೆಲ್ಲ ಗೊತ್ತಾಗಬೇಕು. ನೆರೀನೊ ಬಯಸಿದ್ದು ಅಷ್ಟೇ. ಇಳಿಜಾರಿನ ವೇಗ ಅವನ ತಲೆಗೆ ಹೊಳೆಯಲಿಲ್ಲ. ಹೊಳೆದಾಗ ಆಲ್ಚೀದೆಗೂ ಗೂಟಕ್ಕೂ ನಡುವೆ ಪಿಸುಮಾತಿಗೆ ಜಾಗವಿರಲಿಲ್ಲ.

ಸೈಕಲ್ ನಿಂತಿತು. ಆಲ್ಚೀದೆ ನಿಲ್ಲಲಿಲ್ಲ. ಈ ಕತೆಯಲ್ಲಿ ಎಷ್ಟು ಎಳೆದರೂ ಹಿಗ್ಗದ ಮಾತು ಇದೊಂದೇ: ಸದ್ದು ಬಹಳ ಸಣ್ಣದಾಗಿತ್ತು. ಒಣ ಪುಳ್ಳೆ ಮುರಿದಷ್ಟು.

ಪಕ್ಕಕ್ಕೆ ಹೊರಳಿ ತಪ್ಪಿಸಿಕೊಂಡ ನೆರೀನೊ ಆಗ ಕೂಗಿದ. "ಗೂಟ! ಗೂಟ! ಗೂಟ!" ಹಿಂದಿನವರೆಲ್ಲ ಬ್ರೇಕ್ ಒತ್ತಿ ಉಳಿದರು.

"ಪಾಪ," ಎಂದರು ಆಮೇಲೆ, "ನೆರೀನೊಗೆ ಕಾಣೋ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು."

ಆಲ್ಚೀದೆ ಕತ್ತಿನ ಕೆಳಗೆ ಏನೂ ಅಲ್ಲಾಡದೆ ಆಸ್ಪತ್ರೆಯಲ್ಲಿ ಮಲಗಿದ. ನೆರೀನೊ ಫ್ಲಾಸ್ಕಿನಲ್ಲಿ ಸಾರು ತಂದ; ನರ್ಸ್ ಆಚೆ ಹೋದಾಗ ಅದಕ್ಕೆ ವೈನ್ ಬೆರೆಸಿ ಚಮಚದಲ್ಲಿ ಬಾಯಿಗೆ ಹಿಡಿದ. ಆಲ್ಚೀದೆ ಒಂದು ಗುಟುಕು ನುಂಗಿ, ಗೆಳೆಯನ ಮುಖದ ಪಕ್ಕಕ್ಕೆ, ಕಿವಿಯ ಕಡೆಗೆ ನೋಡುತ್ತ ಕೇಳಿದ.

"ಕಾಣ್ಲಿಲ್ವೇನೋ ನಿಂಗೆ?"

ಚಮಚ ನಿಂತಿತು.

"ಕಾಣ್ಲಿಲ್ಲ," ಎಂದ ನೆರೀನೊ.

ಆಲ್ಚೀದೆ ನಕ್ಕ. ಸಾರು ಗಲ್ಲದ ಮೇಲೆ ಹರಿಯಿತು. "ನೋಡಿದ್ಯಾ, ಹಾಗಾದ್ರೆ ನಾನು ಹೋಟ್ಲಲ್ಲಿ ಹೇಳಿದ್ದು ಸುಳ್ಳಲ್ಲ."

ಆ ವಾರ ಕಳೆಯುವುದರೊಳಗೆ ಅವನು ತೀರಿಕೊಂಡ. ಚರ್ಚಿನಲ್ಲಿ ಅವನ ಕಣ್ಣುಗಳನ್ನು ಎಷ್ಟು ಹೊಗಳಿದರೆಂದರೆ ಗಿಡುಗಗಳಿಗೆ ನಾಚಿಕೆಯಾಗಿರಬೇಕು. ಅಂಥವನು ಗೂಟಕ್ಕೆ ಹೇಗೆ ಬಡಿದ ಎಂಬ ಪ್ರಶ್ನೆಗೂ ಉತ್ತರ ಸಿದ್ಧವಾಗಿತ್ತು: ಕುರುಡು ಗೆಳೆಯ ಸರಿಯಾಗಿ ಬರುತ್ತಿದ್ದಾನೋ ಎಂದು ಹಿಂದಕ್ಕೆ ತಿರುಗಿ ನೋಡಿದ, ಅದಕ್ಕೇ ಸತ್ತ. ನೆರೀನೊ ಮೊದಲ ಬೆಂಚಿನಲ್ಲಿ ಕೂತು ಕೇಳಿಸಿಕೊಂಡ. ನನ್ನ ಕಣ್ಣು ಚೆನ್ನಾಗಿದೆ ಎನ್ನಲು ಬಾಯಿ ತೆರೆದರೆ, ಅಂದು ಯಾಕೆ ತೆರೆಯಲಿಲ್ಲ ಎಂಬುದನ್ನೂ ಹೇಳಬೇಕಿತ್ತು.

ಈಗ ಅವನು ಭಾನುವಾರ ಸಾಲಿನ ಕೊನೆಯಲ್ಲಿ ಬರುತ್ತಾನೆ. ಒಂಟಿಯಾಗಿ ಬಿಡುವುದಿಲ್ಲ ಎಂದು ದೊಸೊಲೀನಾ ಹೋಟೆಲು ಮುಚ್ಚಿ, ಪಕ್ಕದಲ್ಲಿ ಸೈಕಲ್ ತುಳಿಯುತ್ತಾಳೆ. ಇಳಿಜಾರಿನ ಬುಡದ ಗೂಟಕ್ಕೆ ಯಾರೋ ಆಲ್ಚೀದೆಯ ಟೋಪಿ ಕಟ್ಟಿದ್ದಾರೆ. ಅದರ ಬಟ್ಟೆಯ ಒಂದೊಂದು ಹೊಲಿಗೆಯೂ ನೆರೀನೊಗೆ ದಿಬ್ಬದ ಮೇಲಿನಿಂದಲೇ ಕಾಣುತ್ತದೆ.

"ಗೂಟ ಬಂತು ನೆರೀನೊ," ಎನ್ನುತ್ತಾಳೆ ಅವಳು, ಎಳೆಮಗುವಿಗೆ ಹೇಳುವಂತೆ. "ಎಡಕ್ಕೆ ತಗೋ."

ಅವನು ಎಡಕ್ಕೆ ತೆಗೆದುಕೊಳ್ಳುತ್ತಾನೆ.